ಅಂಕಿಅಂಶ ಒಂದು ಹೇಳುತ್ತೆ, ಜೇಬು ಇನ್ನೊಂದು ಹೇಳುತ್ತೆ. ಯಾವುದನ್ನು ನಂಬಲಿ?

ಓದುಗರ ಪ್ರಶ್ನೆ: ನನಗೆ 56 ವರ್ಷ. ಸಣ್ಣ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅರ್ಥಶಾಸ್ತ್ರ ಓದಿದವನಲ್ಲ. ಆದರೆ ದಿನಾ ಪತ್ರಿಕೆ ಓದುತ್ತೇನೆ, ಸುತ್ತಮುತ್ತ ನೋಡುತ್ತೇನೆ, ನನಗೂ ಕೆಲವು ಅಭಿಪ್ರಾಯಗಳಿವೆ. ಹಣದುಬ್ಬರ ಇಳಿದಿದೆ ಅಂತ ಸುದ್ದಿ ಬರುತ್ತೆ, ನನ್ನ ತಿಂಗಳ ಖರ್ಚು ಇಳಿದದ್ದನ್ನು ಮಾತ್ರ ನಾನು ಕಂಡಿಲ್ಲ. ಆರ್ಥಿಕತೆ ಬೆಳೆಯುತ್ತಿದೆ ಅಂತಾರೆ, ನನ್ನ ಸಂಬಳ ಮೂರು ವರ್ಷದಿಂದ ಅಲ್ಲೇ ನಿಂತಿದೆ. ನಿರುದ್ಯೋಗ ಕಡಿಮೆಯಾಗಿದೆ ಅಂತಾರೆ, ಡಿಗ್ರಿ ಮುಗಿಸಿದ ನನ್ನ ಅಣ್ಣನ ಮಗ ಮನೆಯಲ್ಲೇ ಕೂತಿದ್ದಾನೆ. ಅಪರಾಧಗಳು ಜಾಸ್ತಿಯಾಗಿವೆ, ಹೊರಗಿನಿಂದ ಬಂದವರಿಂದ ಇಲ್ಲಿಯವರ ಕೆಲಸ ಹೋಗುತ್ತಿದೆ ಅನ್ನುವುದೂ ನನ್ನ ಅನಿಸಿಕೆ. ಮನೆಯಲ್ಲಿ ಎಲ್ಲರೂ ಸೇರಿದಾಗ ಇದನ್ನೆಲ್ಲ ಹೇಳಿದರೆ ನನ್ನ ಅಳಿಯ, ‘ಮಾವ, ಅಂಕಿಅಂಶ ನೋಡಿ ಮಾತಾಡಿ’ ಅನ್ನುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ನಾನು. ಕೊನೆಗೆ ಮಾತು ಬೆಳೆದು ಮನಸ್ತಾಪ. ಈಗೀಗ ಸುಮ್ನೆ ಇದ್ದುಬಿಡುತ್ತೇನೆ. ನನ್ನಂಥ ಸಾಮಾನ್ಯ ಮನುಷ್ಯನ ಅಭಿಪ್ರಾಯಕ್ಕೆ ನಿಜವಾಗಿ ಏನಾದರೂ ಬೆಲೆ ಇದೆಯಾ? ಇದ್ದರೆ ಅದನ್ನು ಹೇಗೆ ಹೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಇದು ಬೆಲೆ, ಸಂಬಳ, ಕೆಲಸದ ಪ್ರಶ್ನೆ ಅನಿಸಿತು. ಎರಡನೇ ಸಲ ಓದಿದಾಗ ನಿಮ್ಮ ಸಂಕಟ ಇರುವುದು ಕೊನೆಯ ಸಾಲುಗಳಲ್ಲಿ ಅಂತ ಗೊತ್ತಾಯಿತು. ಕಣ್ಣಾರೆ ಕಂಡದ್ದನ್ನು ಹೇಳಿದರೂ ‘ನಿಮಗೆ ಗೊತ್ತಿಲ್ಲ’ ಅನ್ನಿಸಿಕೊಳ್ಳಬೇಕಲ್ಲ ಎಂಬ ನೋವು ಅದು.

ನಾನು ಇಪ್ಪತ್ತೈದು ವರ್ಷ ಬೆಲೆ ಸೂಚ್ಯಂಕ ಮತ್ತು ಮನೆಮನೆ ಸಮೀಕ್ಷೆಯ ಕೆಲಸ ಮಾಡಿದವನು. ನಿಮ್ಮ ಅಳಿಯ ತೋರಿಸುವ ಅಂಕಿಅಂಶ ತಯಾರಾಗುವ ಜಾಗದಲ್ಲೇ ಇದ್ದವನು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಐದು ಅಭಿಪ್ರಾಯಗಳಲ್ಲಿ ಮೂರು ಅಂಕಿಅಂಶಕ್ಕೆ ವಿರುದ್ಧವಾಗಿಯೇ ಇಲ್ಲ. ನೀವಿಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಾ ಜಗಳ ಆಡುತ್ತಿದ್ದೀರಿ. ಉಳಿದ ಎರಡರಲ್ಲಿ ನೀವು ಎಡವಿರುವ ಸಾಧ್ಯತೆ ಜಾಸ್ತಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿದೆ. ಆದರೆ ಬೆನ್ನ ಮೇಲಿನ ಹುಣ್ಣಿಗೆ ಬೇಕೇ ಬೇಕು. ನಿಮ್ಮ ಮಾತುಗಳಲ್ಲಿ ಅಂಗೈ ಯಾವುದು, ಬೆನ್ನು ಯಾವುದು ಅಂತ ಒಂದೊಂದಾಗಿ ನೋಡೋಣ.

ಬೆಲೆಯ ವಿಚಾರ

‘ಹಣದುಬ್ಬರ ಇಳಿಯಿತು’ ಅಂದರೆ ‘ಬೆಲೆ ಇಳಿಯಿತು’ ಅಂತ ಅರ್ಥ ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಮನೆಗಳಲ್ಲಿ ವಾದ ಆಗುತ್ತದೋ! ನಿಮಗೆ ಲೆಕ್ಕ ಗೊತ್ತು, ನೀವೇ ಹಾಕಿ ನೋಡಿ. ಒಂದು ವಸ್ತುವಿನ ಬೆಲೆ 100 ಇತ್ತು. ಮೊದಲ ವರ್ಷ 10% ಏರಿತು, 110 ಆಯಿತು. ಎರಡನೇ ವರ್ಷ 5% ಏರಿತು, 115.50 ಆಯಿತು. ಸುದ್ದಿಯಲ್ಲಿ ‘ಹಣದುಬ್ಬರ ಅರ್ಧಕ್ಕೆ ಇಳಿಕೆ’ ಅಂತ ಬರುತ್ತದೆ. ಅದು ಸುಳ್ಳಲ್ಲ. ಆದರೆ ನಿಮ್ಮ ಕೈಯಿಂದ ಹೋಗುವುದು 115.50. ಏರು ಹತ್ತುತ್ತಿರುವ ಬಸ್ಸು ನಿಧಾನವಾಯಿತು ಅಂದರೆ ಅದು ಕೆಳಗೆ ಇಳಿಯುತ್ತಿದೆ ಅಂತ ಅಲ್ಲ, ಅಲ್ವಾ? ಹಣದುಬ್ಬರ ಅನ್ನುವುದು ವೇಗ. ಬೆಲೆ ಅನ್ನುವುದು ಬಸ್ಸು ತಲುಪಿದ ಎತ್ತರ. ಅಳಿಯ ವೇಗದ ಮಾತಾಡುತ್ತಿದ್ದಾರೆ, ನೀವು ಎತ್ತರದ ಮಾತಾಡುತ್ತಿದ್ದೀರಿ. ಸಂಬಳ ಮೂರು ವರ್ಷದಿಂದ ಏರದವನಿಗೆ ಎತ್ತರವೇ ಮುಖ್ಯ. ಅವನು ನಿಂತಲ್ಲೇ ನಿಂತಿದ್ದಾನೆ, ಬೆಲೆ ಮೇಲೆ ಹೋಗಿಯಾಗಿದೆ.

ಇನ್ನೊಂದು ವಿಷಯ ಇದೆ. ಸೂಚ್ಯಂಕ ನಿಮ್ಮ ಮನೆಯ ಖರ್ಚನ್ನು ಅಳೆಯುವುದಿಲ್ಲ. ಎಲ್ಲರ ಮನೆಯ ಖರ್ಚನ್ನೂ ಒಟ್ಟು ಸೇರಿಸಿ ಒಂದು ಬುಟ್ಟಿ ಮಾಡಿ, ಆ ಬುಟ್ಟಿಯ ಬೆಲೆ ನೋಡುತ್ತದೆ. ಒಟ್ಟು ಖರ್ಚಿನ ಲೆಕ್ಕ ಆದ್ದರಿಂದ ಹೆಚ್ಚು ಖರ್ಚು ಮಾಡುವ ಮನೆಗಳು ಆ ಬುಟ್ಟಿಯಲ್ಲಿ ಹೆಚ್ಚು ತೂಗುತ್ತವೆ. ಎರ್ನ್‌ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ 1857ರಲ್ಲೇ ತೋರಿಸಿದ ಸಂಗತಿ ಇದು: ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಹೊಟ್ಟೆಗೆ ಹೋಗುವ ಪಾಲು ಜಾಸ್ತಿ. ಅವರು ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಲೆಕ್ಕ ಹಿಡಿದು ಇದನ್ನು ಹೇಳಿದರು. ಇವತ್ತಿಗೂ ಎಲ್ಲ ದೇಶಗಳಲ್ಲೂ ಇದು ನಿಜ. ಆಹಾರ, ಬಾಡಿಗೆ, ಔಷಧಿಯ ಬೆಲೆ ಏರಿ, ಟಿವಿ, ಫೋನು, ವಿಮಾನ ಪ್ರಯಾಣದ ಬೆಲೆ ಇಳಿದರೆ ಸರಾಸರಿ ಶಾಂತವಾಗಿರುತ್ತದೆ. ಹೊಸ ಟಿವಿ ಕೊಳ್ಳದ ಮನೆಯಲ್ಲಿ ಮಾತ್ರ ಶಾಂತಿ ಇರುವುದಿಲ್ಲ.

ಹಾಗಂತ ನಿಮ್ಮ ಅನಿಸಿಕೆ ಪೂರ್ತಿ ಸರಿ ಅಂತಲೂ ಹೇಳಲಾರೆ. ನೆನಪು ಪಕ್ಷಪಾತ ಮಾಡುತ್ತದೆ. ದಿನಾ ಕೊಳ್ಳುವ ವಸ್ತುವಿನ ಬೆಲೆ ಏರಿದರೆ ದಿನಾ ನೋವು. ನಾಲ್ಕು ವರ್ಷಕ್ಕೊಮ್ಮೆ ಕೊಳ್ಳುವ ವಸ್ತು ಅಗ್ಗವಾದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಯೂರೋಪಿನಲ್ಲಿ ಇದು ದೊಡ್ಡದಾಗಿಯೇ ನಡೆದು ಹೋಯಿತು. 2002ರ ಜನವರಿ 1ರಂದು 12 ದೇಶಗಳಲ್ಲಿ ಯೂರೋ ನೋಟು, ನಾಣ್ಯ ಬಂದವು. ಬೆಲೆ ಎಲ್ಲ ಒಂದೇ ಸಲ ಏರಿಬಿಟ್ಟಿತು ಅಂತ ಜನ ಕೂಗಿದರು. ಜರ್ಮನಿಯಲ್ಲಿ ದುಬಾರಿ ಅನ್ನುವ ಪದವನ್ನೂ ಯೂರೋವನ್ನೂ ಸೇರಿಸಿ ‘ಟೊಯ್ರೊ’ ಅಂತ ಹೊಸ ಪದವೇ ಹುಟ್ಟಿತು, ಆ ವರ್ಷದ ಪದ ಅಂತ ಅದನ್ನೇ ಆರಿಸಿದರು. ಅಧಿಕೃತ ಲೆಕ್ಕ ತೆಗೆದರೆ ಆ ವರ್ಷದ ಹಣದುಬ್ಬರ ಸುಮಾರು 2.3%. ನೋಟು ಬದಲಾದದ್ದರಿಂದ ಆದ ಏರಿಕೆ 0.1ರಿಂದ 0.3 ಶೇಕಡಾ ಅಂಶದಷ್ಟೇ. ಹಾಗಾದರೆ ಜನ ಸುಳ್ಳು ಹೇಳಿದರಾ? ಇಲ್ಲ. ಕಾಫಿ, ಹೋಟೆಲ್ ಊಟ, ಕ್ಷೌರದಂಥ ಸಣ್ಣಪುಟ್ಟ ಖರ್ಚುಗಳ ಬೆಲೆ ನಿಜಕ್ಕೂ ಏರಿತ್ತು. ಜನ ದಿನಾ ಮುಟ್ಟುವುದು ಅದನ್ನೇ. ಅವರು ಕಂಡದ್ದು ನಿಜ. ಅದನ್ನು ಎಲ್ಲದಕ್ಕೂ ಹಿಗ್ಗಿಸಿದ್ದು ತಪ್ಪು.

ಬೆಲೆ ಸಂಗ್ರಹದ ದಿನಗಳಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದ್ದು ಒಂದಿದೆ. ಒಂದು ಸಾಬೂನು. ಹೋದ ತಿಂಗಳ ಬೆಲೆಯೇ ಈ ತಿಂಗಳೂ. ಅದೇ ಬಣ್ಣದ ಹೊದಿಕೆ, ಅದೇ ಚಿತ್ರ. ನಮೂನೆಯಲ್ಲಿ ‘ಬದಲಾವಣೆ ಇಲ್ಲ’ ಅಂತ ಬರೆಯಲು ಹೊರಟಿದ್ದೆ. ಜೊತೆಗಿದ್ದ ಹಿರಿಯ ಸಹೋದ್ಯೋಗಿ ಸಾಬೂನನ್ನು ತಿರುಗಿಸಿ ಅಂಚಿನಲ್ಲಿದ್ದ ಸಣ್ಣ ಅಕ್ಷರ ತೋರಿಸಿದರು. 100 ಗ್ರಾಂ ಇದ್ದದ್ದು 90 ಗ್ರಾಂ ಆಗಿತ್ತು. ಹಣ ಅಷ್ಟೇ, ವಸ್ತು ಕಡಿಮೆ. ಲೆಕ್ಕ ಹಾಕಿದರೆ 11% ಏರಿಕೆ. ಒಳ್ಳೆಯ ಸೂಚ್ಯಂಕ ಇದನ್ನು ಬೆಲೆ ಏರಿಕೆ ಅಂತಲೇ ದಾಖಲಿಸುತ್ತದೆ. ಆದರೆ ಮನೆಯಲ್ಲಿ ಸಾಬೂನು ಬೇಗ ಕರಗುತ್ತಿದೆ ಅಂತ ಮೊದಲು ಗೊತ್ತಾಗುವುದು ಮನೆಯವರಿಗೆ, ನಮಗಲ್ಲ. ಆ ದಿನದಿಂದ ‘ಏನೋ ಸರಿಯಿಲ್ಲ ಸಾರ್’ ಅನ್ನುವವರ ಮಾತನ್ನು ನಾನು ತಳ್ಳಿಹಾಕಿಲ್ಲ.

ಸಂಬಳ, ಕೆಲಸ

ಆರ್ಥಿಕತೆ ಬೆಳೆದರೂ ನಿಮ್ಮ ಸಂಬಳ ಏಕೆ ನಿಂತಿದೆ ಎಂಬುದಕ್ಕೆ ಉದ್ದ ಉತ್ತರ ಬೇಡ. ಹತ್ತು ಜನ ಇರುವ ಒಂದು ಕೋಣೆ ಅಂದುಕೊಳ್ಳಿ. ಒಂಬತ್ತು ಜನರಿಗೆ ತಲಾ 20, ಒಬ್ಬರಿಗೆ 100. ಒಟ್ಟು 280. ಆ ಒಬ್ಬರ ಆದಾಯ 200 ಆಯಿತು. ಈಗ ಒಟ್ಟು 380. ಕೋಣೆಯ ಆರ್ಥಿಕತೆ ಸುಮಾರು 36% ಬೆಳೆಯಿತು. ಒಂಬತ್ತು ಜನರಿಗೆ ಒಂದು ಕಾಸೂ ಸಿಗಲಿಲ್ಲ. ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕ, ಒಟ್ಟು ಮೊತ್ತ ಹೇಳುತ್ತದೆ, ಯಾರ ಕೈಗೆ ಎಷ್ಟು ಬಂತು ಅಂತ ಹೇಳುವುದಿಲ್ಲ. ಇದು ಯಾರೋ ವಿರೋಧಿಗಳು ಹೊರಿಸಿದ ಆರೋಪವಲ್ಲ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಅಡಿಪಾಯ ಹಾಕಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸೆನೆಟ್‌ಗೆ ಕೊಟ್ಟ ವರದಿಯಲ್ಲಿ ಎಚ್ಚರಿಸಿದ್ದರು: ಈ ಒಂದು ಮೊತ್ತ ನೋಡಿ ದೇಶದ ಜನ ಎಷ್ಟು ಚೆನ್ನಾಗಿದ್ದಾರೆ ಅಂತ ತೀರ್ಮಾನಿಸಲು ಆಗುವುದಿಲ್ಲ ಎಂದು. ಮುಂದೆ 2008ರಲ್ಲಿ ಫ್ರಾನ್ಸ್ ಸರ್ಕಾರ ಜೋಸೆಫ್ ಸ್ಟಿಗ್ಲಿಟ್ಜ್, ಅಮರ್ತ್ಯ ಸೇನ್, ಜಾನ್ ಪೌಲ್ ಫಿಟೂಸಿ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದಲ್ಲಿ ಒಂದು ಆಯೋಗ ಮಾಡಿತು. 2009ರಲ್ಲಿ ಬಂದ ಅದರ ವರದಿಯ ಕಾಳಜಿಗಳಲ್ಲಿ ನೀವು ಕೇಳಿದ್ದೂ ಒಂದು. ಅಂಕಿಅಂಶ ಹೇಳುವುದಕ್ಕೂ ಜನರಿಗೆ ಅನಿಸುವುದಕ್ಕೂ ಇಷ್ಟು ದೂರ ಏಕೆ? ಅಂದರೆ ನಿಮ್ಮ ಮನೆಯ ಜಗಳ ಅಷ್ಟು ದೊಡ್ಡವರ ಮೇಜಿಗೂ ಹೋಗಿತ್ತು. ಸರಾಸರಿಯ ಜೊತೆ ಮಧ್ಯಾಂಕವನ್ನೂ ನೋಡಿ ಅಂತ ಅವರು ಸಲಹೆ ಕೊಟ್ಟರು. ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವರ ಆದಾಯ ನೋಡಿದರೆ ಅದೇ ಮಧ್ಯಾಂಕ. ನಮ್ಮ ಕೋಣೆಯಲ್ಲಿ ಅದು ಮೊದಲೂ 20, ಆಮೇಲೂ 20.

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸಮೀಕ್ಷೆಗೆ ಹೋದಾಗ ಒಂದು ಮನೆಯಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ ಬಾಗಿಲಿಗೆ ಬಂದ. ಡಿಗ್ರಿ ಆಗಿತ್ತು. ‘ಕಳೆದ ಏಳು ದಿನಗಳಲ್ಲಿ ಸಂಬಳಕ್ಕೋ ಲಾಭಕ್ಕೋ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?’ ಅಂತ ನಮೂನೆಯಲ್ಲಿದ್ದ ಹಾಗೆ ಕೇಳಿದೆ. ಯೋಚಿಸಿ ಹೇಳಿದ: ‘ಮಂಗಳವಾರ ಫ್ರೆಂಡ್ ಒಬ್ಬನ ಜೊತೆ ಲಾರಿಗೆ ಸಾಮಾನು ಹಾಕೋಕೆ ಹೋಗಿದ್ದೆ. ಎರಡು ಗಂಟೆ ಆಗಿರಬಹುದು. ಖರ್ಚಿಗೆ ಅಂತ ಸ್ವಲ್ಪ ಕೊಟ್ಟರು.’ ನಾನು ಗುರುತು ಹಾಕಿದೆ. ಅವನು ಬಗ್ಗಿ ನಮೂನೆ ನೋಡಿದ. ‘ಕೆಲಸ ಇದೆ ಅಂತ ಬರೆದ್ರಾ ಸಾರ್?’ ಅಂದ. ಹೌದು, ಹಾಗೇ ಬರೆಯಬೇಕಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡ ಅದು. ಆ ಒಂದು ವಾರದಲ್ಲಿ ಒಂದು ಗಂಟೆ ಕೆಲಸ ಮಾಡಿದ್ದರೂ ಉದ್ಯೋಗಿ. ಆ ಹುಡುಗನ ಮುಖ ನನಗೆ ಇವತ್ತಿಗೂ ನೆನಪಿದೆ.

ಒಂದು ಗಂಟೆಯ ನಿಯಮ ಜನರನ್ನು ಮೋಸ ಮಾಡಲು ಮಾಡಿದ್ದಲ್ಲ. ಒಟ್ಟು ಉತ್ಪಾದನೆಗೆ ಸೇರಿದ ಎಲ್ಲ ಕೆಲಸವೂ ಲೆಕ್ಕಕ್ಕೆ ಸಿಗಬೇಕು, ದೇಶ ದೇಶಗಳ ನಡುವೆ ಹೋಲಿಕೆ ಆಗಬೇಕು ಅಂತ ಮಾಡಿದ್ದು. ಆದರೆ ಅದು ಉತ್ತರಿಸುವ ಪ್ರಶ್ನೆ ‘ಕೆಲಸದ ಸುಳಿವೇ ಇಲ್ಲದವರು ಎಷ್ಟು?’ ಅನ್ನುವುದು. ನೀವು ಕೇಳುತ್ತಿರುವ ಪ್ರಶ್ನೆ ‘ಓದಿಗೆ ತಕ್ಕ, ಬದುಕು ಕಟ್ಟಿಕೊಳ್ಳುವಂಥ ಕೆಲಸ ಎಷ್ಟು ಜನಕ್ಕಿದೆ?’ ಅನ್ನುವುದು. ಎರಡೂ ಬೇರೆ.

ಇನ್ನೂ ಒಂದು ಸೂಕ್ಷ್ಮ ಇದೆ. ನಿರುದ್ಯೋಗಿ ಅನ್ನಿಸಿಕೊಳ್ಳಲು ಕೆಲಸ ಇಲ್ಲದಿದ್ದರೆ ಸಾಲದು, ಹುಡುಕುತ್ತಲೂ ಇರಬೇಕು. ನಿಮ್ಮ ಅಣ್ಣನ ಮಗ ಸೋತು ಅರ್ಜಿ ಹಾಕುವುದನ್ನೇ ಬಿಟ್ಟಿದ್ದರೆ ಅವನು ನಿರುದ್ಯೋಗಿಗಳ ಪಟ್ಟಿಯಿಂದಲೇ ಹೊರಗೆ. ಕೆಲಸ ಮಾಡುವವರು 90, ಹುಡುಕುವವರು 10 ಇದ್ದರೆ ನಿರುದ್ಯೋಗ ದರ 10%. ಹುಡುಕುವವರಲ್ಲಿ ನಾಲ್ವರು ಬೇಸತ್ತು ಕೈಬಿಟ್ಟರು ಅನ್ನಿ. ಈಗ 96ರಲ್ಲಿ 6, ಅಂದರೆ 6.25%. ಒಬ್ಬರಿಗೂ ಹೊಸ ಕೆಲಸ ಸಿಗಲಿಲ್ಲ, ದರ ಮಾತ್ರ ಇಳಿಯಿತು. ಅದಕ್ಕೇ ನಿರುದ್ಯೋಗ ದರವನ್ನು ಯಾವತ್ತೂ ಒಂಟಿಯಾಗಿ ನೋಡಬಾರದು. ದುಡಿಯುವ ವಯಸ್ಸಿನವರಲ್ಲಿ ಕೆಲಸದಲ್ಲಿರುವವರು ಎಷ್ಟು, ಇನ್ನೂ ಹೆಚ್ಚು ಗಂಟೆ ಕೆಲಸ ಬೇಕು ಅನ್ನುವವರು ಎಷ್ಟು, ಯುವಜನರ ದರ ಎಷ್ಟು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಇವೆಲ್ಲ ಸಾಮಾನ್ಯವಾಗಿ ಅದೇ ವರದಿಯ ಒಳಪುಟಗಳಲ್ಲೇ ಇರುತ್ತವೆ. ಸುದ್ದಿಯ ತಲೆಬರಹಕ್ಕೆ ಬರುವುದಿಲ್ಲ ಅಷ್ಟೆ.

ಇಲ್ಲಿಗೆ ನಿಮ್ಮ ಮೂರು ಅಭಿಪ್ರಾಯ ಮುಗಿಯಿತು. ಇವು ಅಂಗೈ.

ಬೆನ್ನ ಮೇಲಿನ ಎರಡು

ಅಪರಾಧ ಜಾಸ್ತಿಯಾಗಿದೆ ಅಂದಿರಿ. ನಿಮ್ಮ ಬೀದಿಯಲ್ಲಿ ಆಗಿದೆಯಾ, ಅಥವಾ ಸುದ್ದಿಯಲ್ಲಿ ಜಾಸ್ತಿ ಕಾಣುತ್ತಿದೆಯಾ? ಪತ್ರದಲ್ಲಿ ನೀವು ಒಂದೂ ಘಟನೆ ಬರೆದಿಲ್ಲ. ಬೆಲೆಯ ಬಗ್ಗೆ ಬರೆದಾಗ ನಿಮ್ಮ ಖರ್ಚು ಇತ್ತು, ಕೆಲಸದ ಬಗ್ಗೆ ಬರೆದಾಗ ಅಣ್ಣನ ಮಗ ಇದ್ದ. ಇಲ್ಲಿ ಯಾರೂ ಇಲ್ಲ. ಈ ಒಂದು ವ್ಯತ್ಯಾಸವನ್ನು ಗಮನಿಸಿ.

ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ದಶಕಗಳಿಂದ ಜನರನ್ನು ಕೇಳುತ್ತಾ ಬಂದಿದೆ: ಹೋದ ವರ್ಷಕ್ಕಿಂತ ದೇಶದಲ್ಲಿ ಅಪರಾಧ ಹೆಚ್ಚಾಗಿದೆಯೇ? 1990ರ ದಶಕದಿಂದೀಚೆಗೆ ಹೆಚ್ಚಿನ ವರ್ಷಗಳಲ್ಲಿ ಬಹುಮಂದಿ ‘ಹೌದು’ ಅಂದಿದ್ದಾರೆ. ಅದೇ ಅವಧಿಯಲ್ಲಿ, 1993ರಿಂದ ಮುಂದಿನ ಮೂರು ದಶಕಗಳಲ್ಲಿ, ಅಲ್ಲಿ ಹಿಂಸಾತ್ಮಕ ಅಪರಾಧದ ದರ ಸುಮಾರು ಅರ್ಧಕ್ಕೆ ಇಳಿದಿದೆ. ‘ನೀವಿರುವ ಜಾಗದಲ್ಲಿ ಹೆಚ್ಚಾಗಿದೆಯೇ?’ ಅಂತ ಅದೇ ಜನರನ್ನು ಕೇಳಿದರೆ ‘ಹೌದು’ ಅನ್ನುವವರು ಕಡಿಮೆ. ತಾನು ಇರುವಲ್ಲಿ ಪರವಾಗಿಲ್ಲ, ಬೇರೆ ಕಡೆ ಎಲ್ಲ ಕೆಟ್ಟಿದೆ ಅನ್ನುವ ಭಾವನೆ. ಬೇರೆ ಕಡೆಯದು ನಮಗೆ ಗೊತ್ತಾಗುವುದು ಪರದೆಯ ಮೂಲಕ ಮಾತ್ರ. ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಎಂಬ ಮನೋವಿಜ್ಞಾನಿಗಳು 1973ರಲ್ಲೇ ಇದನ್ನು ವಿವರಿಸಿದರು. ಯಾವುದರ ಉದಾಹರಣೆ ಥಟ್ಟನೆ ನೆನಪಿಗೆ ಬರುತ್ತದೋ ಅದು ಜಾಸ್ತಿ ನಡೆಯುತ್ತಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಒಂದು ಕೊಲೆಯ ದೃಶ್ಯವನ್ನು ದಿನಕ್ಕೆ ಇಪ್ಪತ್ತು ಸಲ ತೋರಿಸಿದರೆ ಮನಸ್ಸಿನಲ್ಲಿ ಅದು ಇಪ್ಪತ್ತು ಆಗುತ್ತದೆ.

ಎಲ್ಲ ಕಡೆ ಅಪರಾಧ ಇಳಿದಿದೆ ಅಂತ ನಾನು ಹೇಳುತ್ತಿಲ್ಲ. ಅದು ಜಾಗದಿಂದ ಜಾಗಕ್ಕೆ, ಬಗೆಯಿಂದ ಬಗೆಗೆ ಬೇರೆ. ಕೆಲವು ಅಪರಾಧ ದೂರು ದಾಖಲಾದರೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಹೆಚ್ಚು ಹೆಣ್ಣುಮಕ್ಕಳು ಧೈರ್ಯ ಮಾಡಿ ದೂರು ಕೊಟ್ಟರೆ ಅಂಕಿ ಏರುತ್ತದೆ. ಆ ಏರಿಕೆ ಒಳ್ಳೆಯ ಲಕ್ಷಣವೂ ಆಗಿರಬಹುದು. ನಾನು ಹೇಳುವುದು ಇಷ್ಟೇ: ಈ ವಿಷಯದಲ್ಲಿ ನಿಮ್ಮ ಅನುಭವ ನಿಮಗೆ ದಾರಿ ತೋರಿಸುವುದಿಲ್ಲ. ಇಲ್ಲಿ ಕನ್ನಡಿ ಬೇಕು.

ಐದನೆಯದು ಹೊರಗಿನವರಿಂದ ಕೆಲಸ ಹೋಗುತ್ತಿದೆ ಅನ್ನುವುದು. ಇದು ಉಳಿದ ನಾಲ್ಕರ ಹಾಗಲ್ಲ. ಬೆಲೆ ಏರಿದೆ ಅನ್ನುವಾಗ ನೀವು ಏನಾಗಿದೆ ಅಂತ ಹೇಳುತ್ತಿದ್ದೀರಿ. ಇಲ್ಲಿ ಏನಾಗಿದೆ ಮತ್ತು ಯಾರಿಂದ ಆಗಿದೆ ಎರಡನ್ನೂ ಹೇಳುತ್ತಿದ್ದೀರಿ. ಕಾರಣ ಹೇಳುವುದು ಬಹಳ ಕಷ್ಟದ ಕೆಲಸ. ತಜ್ಞರೇ ಅಲ್ಲಿ ವರ್ಷಗಟ್ಟಲೆ ವಾದ ಮಾಡುತ್ತಾರೆ.

1980ರಲ್ಲಿ ಕೆಲವೇ ತಿಂಗಳಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮಯಾಮಿಯಲ್ಲೇ ನೆಲೆಸಿದರು. ಆ ನಗರದಲ್ಲಿ ದುಡಿಯುವವರ ಸಂಖ್ಯೆ ಇದ್ದಕ್ಕಿದ್ದಂತೆ ಸುಮಾರು 7% ಏರಿತು. ಅಲ್ಲಿಯವರ ಕೂಲಿ ಕುಸಿಯಲೇಬೇಕಿತ್ತು, ಅಲ್ವಾ? ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞ ಮಯಾಮಿಯನ್ನು ಬೇರೆ ನಗರಗಳ ಜೊತೆ ಹೋಲಿಸಿ 1990ರಲ್ಲಿ ಅಧ್ಯಯನ ಪ್ರಕಟಿಸಿದರು. ಕೂಲಿಯ ಮೇಲೆ, ಕೆಲಸದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಇದಕ್ಕೆ ಒಂದು ವಿವರಣೆ ಹೀಗಿದೆ: ಬಂದವರು ಬರೀ ಕೆಲಸಗಾರರಲ್ಲ. ಅವರೂ ಮನೆ ಬಾಡಿಗೆಗೆ ಹಿಡಿಯುತ್ತಾರೆ, ಬಟ್ಟೆ ಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಅದರಿಂದ ಹೊಸ ಕೆಲಸವೂ ಹುಟ್ಟುತ್ತದೆ. ಒಂದು ಊರಿನಲ್ಲಿ ಇಷ್ಟೇ ಕೆಲಸ ಅಂತ ಪಾತ್ರೆಯಲ್ಲಿ ಅಳೆದು ಇಟ್ಟಿರುವುದಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಾರ್ಜ್ ಬೋರ್ಹಾಸ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅದೇ ಘಟನೆಯನ್ನು ಮತ್ತೆ ಕೆದಕಿದರು. ಹೈಸ್ಕೂಲು ಕೂಡ ಮುಗಿಸದ ಸ್ಥಳೀಯ ಗಂಡಸರನ್ನು ಮಾತ್ರ ತೆಗೆದುಕೊಂಡು ನೋಡಿದರೆ ಕೂಲಿ ಚೆನ್ನಾಗಿಯೇ ಬಿದ್ದಿದೆ ಅಂದರು. ಆ ಗುಂಪಿನಲ್ಲಿ ಸಮೀಕ್ಷೆಗೆ ಸಿಕ್ಕವರು ತೀರಾ ಕಡಿಮೆ, ಅದನ್ನು ನಂಬುವುದು ಹೇಗೆ ಅಂತ ಬೇರೆಯವರು ಆಕ್ಷೇಪ ಎತ್ತಿದರು. ನನ್ನ ಅಭಿಪ್ರಾಯ ಕೇಳಿದರೆ ಒಟ್ಟಾರೆ ಪರಿಣಾಮದ ವಿಷಯದಲ್ಲಿ ಕಾರ್ಡ್ ಮಾತೇ ಗಟ್ಟಿ ಅನಿಸುತ್ತದೆ. ಆದರೆ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಪೆಟ್ಟು ಬಿದ್ದಿರಬಹುದು ಅನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ಇಡೀ ಜೀವನ ಇದನ್ನೇ ಓದಿದವರು ಒಂದೇ ನಗರದ ಒಂದೇ ಘಟನೆಯ ಬಗ್ಗೆ ಒಪ್ಪದೆ ಇರುವಾಗ, ಕಣ್ಣಿಗೆ ಕಂಡ ಹೊಸ ಮುಖವನ್ನೇ ಕಾರಣ ಅಂತ ತೋರಿಸುವ ಮೊದಲು ನಾವು ನಿಲ್ಲಬೇಕು. ಹೊಸ ಯಂತ್ರ, ಸಾಲದ ಬಡ್ಡಿ, ದೂರದ ಯಾವುದೋ ಮಾರುಕಟ್ಟೆ ಕುಸಿದದ್ದು, ಇವು ಯಾವುವೂ ಕಣ್ಣಿಗೆ ಕಾಣುವುದಿಲ್ಲ. ಮನುಷ್ಯ ಕಾಣುತ್ತಾನೆ. ಅದಕ್ಕೇ ಬೆರಳು ಅವನ ಕಡೆ ಹೋಗುತ್ತದೆ. ಈ ತಪ್ಪಿನ ಬೆಲೆ ತೆರುವವರು ನೀವೂ ಅಲ್ಲ, ನಾನೂ ಅಲ್ಲ. ಬೆರಳು ಯಾರ ಕಡೆ ಹೋಯಿತೋ ಅವರು. ಆದ್ದರಿಂದ ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಹಾಗಾದರೆ ಏನು ಮಾಡಬಹುದು?

ಸುಮ್ನೆ ಇದ್ದುಬಿಡುವುದು ಒಂದು ದಾರಿ. ಮನೆಯಲ್ಲಿ ನೆಮ್ಮದಿ ಉಳಿಯುತ್ತದೆ. ಆದರೆ ಇದರ ಅಪಾಯ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ ಮಾಡಿದ ಪ್ರಯೋಗ ಕೇಳಿರಬಹುದು. ಹಲಗೆಯ ಮೇಲೆ ಗೆರೆಗಳು. ಯಾವ ಗೆರೆ ಯಾವುದಕ್ಕೆ ಸಮ ಅಂತ ಹೇಳಬೇಕು, ಮಗುವಿಗೂ ಗೊತ್ತಾಗುವಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಪಾಪ, ಆ ಒಬ್ಬ ಮನುಷ್ಯ ಮೂರರಲ್ಲಿ ಒಂದು ಸಲ ತನ್ನ ಕಣ್ಣನ್ನೇ ಬಿಟ್ಟು ಅವರ ಮಾತಿಗೆ ಸೇರಿದ. ಆದರೆ ಕೋಣೆಯಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿಯಾದ ಉತ್ತರ ಹೇಳಿದರೆ ಸಾಕು, ಹೀಗೆ ಬಗ್ಗುವುದು ತೀರಾ ಕಡಿಮೆಯಾಯಿತು. ನೀವು ಬಾಯಿ ಮುಚ್ಚಿದರೆ ನಿಮ್ಮ ಹಾಗೇ ಕಂಡ ಇನ್ನೊಬ್ಬರೂ ಮುಚ್ಚುತ್ತಾರೆ. ನಿಮ್ಮ ಅಣ್ಣನ ಮಗ ಅದೇ ಕೋಣೆಯಲ್ಲಿ ಕೂತಿರುತ್ತಾನೆ ಅನ್ನುವುದನ್ನು ಮರೆಯಬೇಡಿ.

ಈಗ ಹೇಳುತ್ತಿರುವ ಹಾಗೇ ಜೋರಾಗಿ ಹೇಳುವುದು ಇನ್ನೊಂದು ದಾರಿ. ಐದನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ತಪ್ಪಾದ ಎರಡನ್ನು ಹಿಡಿದು ಸರಿಯಾದ ಮೂರನ್ನೂ ತಳ್ಳಿಹಾಕುತ್ತಾರೆ. ಬಹುಶಃ ಈಗ ಆಗುತ್ತಿರುವುದು ಅದೇ.

ನನಗೆ ಇಷ್ಟವಾದ ದಾರಿ ನಿಮ್ಮ ಕೈಯಲ್ಲೇ ಇದೆ. ನೀವು ಲೆಕ್ಕ ಬರೆಯುವವರು. ಮನೆಯ ಲೆಕ್ಕ ಬರೆಯಿರಿ. ದಿನಾ ಬೇಡ. ತಪ್ಪದೆ ಕೊಳ್ಳುವ ಇಪ್ಪತ್ತು ವಸ್ತು ಮತ್ತು ಸೇವೆ ಆರಿಸಿ. ಬಾಡಿಗೆ, ಔಷಧಿ, ಪ್ರಯಾಣ ಸೇರಲಿ. ಬೇಕಂತಲೇ ಬೆಲೆ ಇಳಿದಿರಬಹುದಾದ ಎರಡು ಮೂರನ್ನೂ ಸೇರಿಸಿ, ಇಲ್ಲದಿದ್ದರೆ ನೆನಪಿನ ಪಕ್ಷಪಾತ ಪುಸ್ತಕಕ್ಕೂ ಬರುತ್ತದೆ. ತಿಂಗಳ ಒಂದೇ ತಾರೀಖಿಗೆ ಬೆಲೆ ಬರೆಯಿರಿ, ಪಕ್ಕದಲ್ಲಿ ತೂಕ. ಸಾಬೂನಿನ ಅಂಚು ಓದುವುದನ್ನು ಮರೆಯಬೇಡಿ. ಪ್ರತಿಯೊಂದರ ಮೇಲೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಅಂತಲೂ ಬರೆದರೆ, ನಿಮ್ಮ ಮನೆಯದೇ ಒಂದು ಬೆಲೆ ಸೂಚ್ಯಂಕ ತಯಾರಾಗುತ್ತದೆ. ಒಂದು ವರ್ಷ ಆದಾಗ ‘ಹಣದುಬ್ಬರ ಸುಳ್ಳು’ ಅನ್ನುವ ಬದಲು ‘ನಮ್ಮ ಮನೆಯ ಖರ್ಚು ಇಷ್ಟು ಏರಿದೆ, ಸಂಬಳ ಇಷ್ಟು ಏರಿದೆ’ ಅನ್ನಬಹುದು. ಅದನ್ನು ಯಾರೂ ಅಲ್ಲಗಳೆಯಲಾರರು. ಸಂಬಳ ಹೆಚ್ಚಿಸಿ ಅಂತ ಮಾಲೀಕರ ಮುಂದೆ ಕೂತಾಗಲೂ ಅದು ಕೆಲಸಕ್ಕೆ ಬರುತ್ತದೆ. ಇದರ ಮಿತಿಯೂ ಗೊತ್ತಿರಲಿ. ಅದು ಒಂದು ಮನೆಯ ಲೆಕ್ಕ, ದೇಶದ್ದಲ್ಲ.

ಹಾಗಾದರೆ ಊರಲ್ಲಿ ಎಲ್ಲರನ್ನೂ ಕೇಳಿ ನೋಡಿದರೆ? ಪರಿಚಯದವರೆಲ್ಲ ಇದನ್ನೇ ಹೇಳುತ್ತಾರೆ ಅಂತ ವಾದ ಮಾಡುವವರು ತುಂಬಾ ಜನ. ಇಲ್ಲೊಂದು ಹಳೆಯ ಪಾಠ ಇದೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸ ತೆಗೆದದ್ದು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು? ಉತ್ತರ ಬರೆದು ಕಳಿಸುವ ಉತ್ಸಾಹ ಇದ್ದವರೂ ಹೆಚ್ಚಾಗಿ ಒಂದೇ ಕಡೆಯವರು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಇಪ್ಪತ್ತು ಲಕ್ಷ ಜನರೂ ಒಂದೇ ಬಗೆಯವರಾದರೆ ತಪ್ಪುತ್ತದೆ. ನಮ್ಮ ಇಪ್ಪತ್ತು ಪರಿಚಯಸ್ಥರು ಹೆಚ್ಚುಕಡಿಮೆ ನಮ್ಮ ಥರದವರೇ ಆಗಿರುತ್ತಾರೆ.

ಇನ್ನು ಏನಾಗಬೇಕು ಅನ್ನುವ ಮಾತು. ಯುವಕರ ಕೆಲಸಕ್ಕೆ ಹೆಚ್ಚು ಹಣ ಹಾಕಬೇಕೇ, ವಯಸ್ಸಾದವರ ಔಷಧಿಗೆ ಹಾಕಬೇಕೇ? ತೆರಿಗೆ ಯಾರ ಮೇಲೆ ಹೆಚ್ಚಿರಬೇಕು? ಇಂಥ ಪ್ರಶ್ನೆಗಳಿಗೆ ಅಂಕಿಅಂಶ ಉತ್ತರ ಕೊಡುವುದಿಲ್ಲ. ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ನಾನು ಹೇಳಬಲ್ಲೆ. ಯಾವುದು ಮುಖ್ಯ ಅಂತ ಹೇಳುವ ಹಕ್ಕು ನನಗೆ ನಿಮಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ‘ಅರ್ಥಶಾಸ್ತ್ರ ಗೊತ್ತಿಲ್ಲದವರು ಸುಮ್ಮನಿರಿ’ ಅಂತ ಇಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕರಡು ಕಾನೂನು, ಬಜೆಟ್ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಅವಕಾಶ ಹಲವು ಕಡೆ ಇದೆ. ಬರೆದು ಕಳಿಸಿದ್ದಕ್ಕೆ ಉತ್ತರ ಬರದೇ ಇರಬಹುದು, ಅದು ಬೇಸರ ತರುತ್ತದೆ. ಆದರೆ ಅಂಥ ಪತ್ರಗಳನ್ನು ವಿಂಗಡಿಸುವ ಕೆಲಸವನ್ನು ನಾನೂ ಸ್ವಲ್ಪ ಕಾಲ ಮಾಡಿದ್ದೇನೆ. ಬೈಗುಳ ತುಂಬಿದ ನಾಲ್ಕು ಪುಟ ಬೇಗ ಪಕ್ಕಕ್ಕೆ ಹೋಗುತ್ತಿತ್ತು. ‘ನಮ್ಮ ಮನೆಯಲ್ಲಿ ಹೀಗಾಗಿದೆ, ಲೆಕ್ಕ ಇಲ್ಲಿದೆ, ಇದನ್ನು ಬದಲಾಯಿಸಿ’ ಅಂತ ಅರ್ಧ ಪುಟ ಬಂದರೆ ಅದನ್ನು ನಾವು ಒಬ್ಬರಿಂದೊಬ್ಬರಿಗೆ ಕೊಟ್ಟು ಓದುತ್ತಿದ್ದೆವು.

ಅಳಿಯನ ಬಗ್ಗೆ ಒಂದು ಮಾತು. ಅವರು ಅಂಕಿಅಂಶ ಕೇಳುವುದು ತಪ್ಪಲ್ಲ, ಅದು ಒಳ್ಳೆಯ ಅಭ್ಯಾಸ. ಆದರೆ ಅಂಕಿ ತೋರಿಸಿದರೆ ಮಾತು ಮುಗಿಯಿತು ಅಂದುಕೊಳ್ಳುವುದು ತಪ್ಪು. ಮುಂದಿನ ಸಲ ಅವರು ಒಂದು ಅಂಕಿ ಹೇಳಿದಾಗ ಜಗಳಕ್ಕೆ ಹೋಗದೆ ಕೇಳಿ: ಇದು ಯಾರನ್ನು ಎಣಿಸಿದ್ದು? ಸರಾಸರಿಯಾ, ಮಧ್ಯಾಂಕವಾ? ಯಾವ ವರ್ಷಕ್ಕೆ ಹೋಲಿಸಿದ್ದು? ಅವರಿಗೂ ಗೊತ್ತಿರಲಿಕ್ಕಿಲ್ಲ. ಆಗ ಇಬ್ಬರೂ ಒಂದೇ ಕಡೆ ಕೂತು ವರದಿಯ ಒಳಪುಟ ತೆಗೆಯಬಹುದು. ಅಪರಾಧದ ವಿಷಯ ಬಂದಾಗ ನಿಮ್ಮ ಕಡೆಯಿಂದ, ‘ಇದು ನನಗೆ ಸುದ್ದಿ ನೋಡಿ ಅನಿಸಿದ್ದು, ಸರಿ ಇರಲಿಕ್ಕಿಲ್ಲ, ನೋಡೋಣ’ ಅಂದುಬಿಡಿ. ಒಂದು ಕಡೆ ನೀವು ಬಿಟ್ಟುಕೊಟ್ಟರೆ, ಸಂಬಳ ಮತ್ತು ಅಣ್ಣನ ಮಗನ ವಿಷಯ ಬಂದಾಗ ನಿಮ್ಮ ಮಾತಿಗೆ ಅವರು ಕಿವಿ ಕೊಡುತ್ತಾರೆ.

ಅಣ್ಣನ ಮಗನನ್ನೂ ಒಂದು ದಿನ ಕೂರಿಸಿಕೊಂಡು ಕೇಳಿ: ಅವನು ಇನ್ನೂ ಅರ್ಜಿ ಹಾಕುತ್ತಿದ್ದಾನಾ, ಬಿಟ್ಟಿದ್ದಾನಾ? ಬಿಟ್ಟಿದ್ದರೆ ಯಾವ ತಿಂಗಳಿಂದ, ಯಾಕೆ? ಅಂಕಿಅಂಶದ ಚರ್ಚೆಗಿಂತ ಮೊದಲು ಮನೆಯಲ್ಲಿ ಗೊತ್ತಾಗಬೇಕಾದದ್ದು ಅದು. ಲೆಕ್ಕದ ಪುಸ್ತಕ ಮೂರು ತಿಂಗಳು ತುಂಬಿದ ಮೇಲೆ ಬೇಕಾದರೆ ನನಗೆ ಕಳಿಸಿ, ಸೂಚ್ಯಂಕ ಹಾಕುವ ಬಗೆಯನ್ನು ನಿಮ್ಮ ಅಂಕಿಗಳಲ್ಲೇ ತೋರಿಸಿಕೊಡುತ್ತೇನೆ.